ಸರ್ಕಲ್ ಬಂದ್ ಮಾಡುವ ಮೊದಲು ಸುತ್ತಲಿನ ಓಣಿ ನೋಡಿ

ರಸ್ತೆ, ಸಂಚಾರದ ಬಗ್ಗೆ ಓದುಗರ ಪ್ರಶ್ನೆಗಳಿಗೆ ಸಂಚಾರ ಎಂಜಿನಿಯರ್ ಉತ್ತರ

ಸರ್, ನನ್ನ ಅಂಗಡಿ ಹಳೇ ಬಸ್ ಸ್ಟ್ಯಾಂಡ್ ಹತ್ತಿರ ಇದೆ. ಚೆನ್ನಮ್ಮ ಸರ್ಕಲ್ ಫ್ಲೈಓವರ್ ಕೆಲಸಕ್ಕೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಮುಚ್ಚಿ ಎಳೆಯುವ ಬದಲು ಪೂರ್ತಿ ಬಂದ್ ಮಾಡಿ ಬೇಗ ಮುಗಿಸಬಾರದೇ?
— ವ್ಯಾಪಾರಿಯೊಬ್ಬರು, ಹುಬ್ಬಳ್ಳಿ

ನಿಮ್ಮ ಬೇಸರ ಅರ್ಥವಾಗುತ್ತದೆ. 2021ರಲ್ಲಿ ಶಂಕುಸ್ಥಾಪನೆ ಆದ ಕೆಲಸ ಇದು. 2025ರ ಏಪ್ರಿಲ್‌ನಲ್ಲಿ ನಾಲ್ಕು ತಿಂಗಳ ಮಟ್ಟಿಗೆ ಎಂದು ಬಸ್ ಸ್ಟ್ಯಾಂಡ್ ಸುತ್ತ ಬಂದ್ ಮಾಡಿದ್ದೂ ನಿಮಗೆ ಗೊತ್ತೇ ಇದೆ. ಆದರೂ ಒಂದೇ ಮಾತಿನಲ್ಲಿ ಹೌದು ಅನ್ನಲಾರೆ. ಯಾವ ಕೆಲಸಕ್ಕೆ ಬಂದ್ ಅನ್ನೋದು ಮುಖ್ಯ.

ತಲೆ ಮೇಲೆ ಕಬ್ಬಿಣ ಕಟ್ಟುವಾಗ, ಕ್ರೇನ್‌ನಿಂದ ಗರ್ಡರ್ (ಸೇತುವೆಯ ಉದ್ದ ತೊಲೆ) ಎತ್ತಿ ಕೂರಿಸುವಾಗ ಕೆಳಗೆ ಒಂದು ಸೈಕಲ್ಲೂ ಹೋಗಬಾರದು. ಇದರಲ್ಲಿ ರಾಜಿ ಬೇಡ. 2024ರ ಸೆಪ್ಟೆಂಬರ್‌ನಲ್ಲಿ ಇದೇ ಕಾಮಗಾರಿಯ ಕಬ್ಬಿಣದ ರಾಡ್ ತಲೆಗೆ ಬಿದ್ದು ಎಎಸ್‌ಐ ಒಬ್ಬರು ಗಾಯಗೊಂಡರು, ಕೆಲ ದಿನಗಳಲ್ಲಿ ತೀರಿಕೊಂಡರು. ಅವರು ಕೆಲಸದ ಆಳಲ್ಲ, ರಸ್ತೆಯಲ್ಲಿ ಹೋಗುತ್ತಿದ್ದವರು. ಇಂಥ ಕೆಲಸವನ್ನು ರಾತ್ರಿ ಹೊತ್ತು, ರಸ್ತೆ ಪೂರ್ತಿ ಮುಚ್ಚಿಯೇ ಮಾಡಬೇಕು. ಅಡಿಪಾಯ ತೋಡುವ ಕೆಲಸ ಹಾಗಲ್ಲ. ಗಟ್ಟಿ ಬ್ಯಾರಿಕೇಡ್ ನಿಲ್ಲಿಸಿ ಪಕ್ಕದಲ್ಲಿ ಗಾಡಿ ಬಿಡಬಹುದು.

ಇನ್ನು ತಿಂಗಳುಗಟ್ಟಲೆ ಬಂದ್ ಮಾಡಬೇಕು ಅಂದರೆ ನನ್ನದು ಒಂದೇ ಷರತ್ತು: ಬದಲಿ ರಸ್ತೆ ಮೊದಲು ತಯಾರಾಗಲಿ, ಬ್ಯಾರಿಕೇಡ್ ಆಮೇಲೆ ಬರಲಿ. ನಮ್ಮಲ್ಲಿ ಬಹಳ ಸಲ ಇದು ಉಲ್ಟಾ ಆಗುತ್ತದೆ. ಗದಗ ರಸ್ತೆ, ಕಾರವಾರ ರಸ್ತೆ, ಪಿ.ಬಿ. ರಸ್ತೆಯ ಗಾಡಿಗಳು ಒಂದೇ ಸರ್ಕಲ್‌ಗೆ ಬಂದು ಬೀಳುವ ಊರು ಇದು. ಅದನ್ನು ಮುಚ್ಚಿದ ದಿನವೇ ಕೊಪ್ಪಿಕರ್ ರಸ್ತೆ, ದೇಸಾಯಿ ಸರ್ಕಲ್ ಮೇಲೆ ಹೊರೆ ಬೀಳುತ್ತದೆ. ದೊಡ್ಡ ಬಸ್ ತಿರುಗಲು ಸುಮಾರು 12 ಮೀಟರ್ ತ್ರಿಜ್ಯದ ಜಾಗ ಬೇಕು. ಓಣಿಯ ಮೂಲೆಯಲ್ಲಿ ಒಂದು ಬೈಕ್ ನಿಂತಿದ್ದರೂ ಸಾಕು, ಡ್ರೈವರ್ ರಿವರ್ಸ್ ತಗೋಬೇಕು. ಕಂಡಕ್ಟರ್ ಇಳಿದು ಸೀಟಿ ಊದಬೇಕು. ಅಷ್ಟರಲ್ಲಿ ಹಿಂದೆ ನಾಲ್ಕು ಟಂಟಂ (ಜನರನ್ನು ಒಯ್ಯುವ ಮೂರು ಗಾಲಿ ಗಾಡಿ), ಅದರ ಹಿಂದೆ ಆಂಬುಲೆನ್ಸ್. ಹಾಗಾಗಿ ಮುಚ್ಚುವ ಮೊದಲು ಒಂದು ಖಾಲಿ ಬಸ್ಸನ್ನು ಆ ದಾರಿಯಲ್ಲಿ ಓಡಿಸಿ ನೋಡಲಿ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೋ ಅಲ್ಲಿ ಪಾರ್ಕಿಂಗ್ ತೆಗೆಯಲಿ, ಗಟಾರದ ಮೇಲೆ ಗಟ್ಟಿ ಚಪ್ಪಡಿ ಹಾಕಲಿ, ಬೀದಿದೀಪ ಸರಿ ಮಾಡಲಿ. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ನಮ್ಮ ಎರಿ ಮಣ್ಣಿನ, ಅಂದರೆ ಕಪ್ಪು ಮಣ್ಣಿನ ಮಾತೂ ಇದೆ. ಪೈಪಿಗಾಗಿ ಅಗೆದು ಅದೇ ಮಣ್ಣು ತುಂಬಿದರೆ ಮೊದಲ ಮಳೆಗೇ ರಸ್ತೆ ಕುಸಿಯುತ್ತದೆ. ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಗರಸು ತಂದು, ಪದರ ಪದರವಾಗಿ ಹಾಕಿ, ಪ್ರತಿ ಪದರಕ್ಕೂ ನೀರು ಹೊಡೆದು ರೋಲರ್ ಓಡಿಸಬೇಕು. ಡೈವರ್ಷನ್ ರಸ್ತೆ ತಾತ್ಕಾಲಿಕ ಅಂತ ಇದನ್ನು ಬಿಟ್ಟರೆ, ಮಳೆಗಾಲದಲ್ಲಿ ಆ ಡೈವರ್ಷನ್‌ಗೇ ಇನ್ನೊಂದು ಡೈವರ್ಷನ್ ಬೇಕಾಗುತ್ತದೆ.

ಸಿಗ್ನಲ್‌ನಲ್ಲಿ ಹಸಿರು ದೀಪದ ಸಮಯ ಹೆಚ್ಚಿಸಿದರೆ ಜಾಮ್ ಕಡಿಮೆ ಆಗೋದಿಲ್ವಾ?
— ಕಾಲೇಜು ವಿದ್ಯಾರ್ಥಿನಿ, ಧಾರವಾಡ

ಸ್ವಲ್ಪ ಮಟ್ಟಿಗೆ ಹೌದು, ಆಮೇಲೆ ಇಲ್ಲ. ಒಂದು ಕಡೆಯ ಹಸಿರು ಹೋಗಿ ಇನ್ನೊಂದು ಕಡೆ ಬರುವಾಗ ಮೂರ್ನಾಲ್ಕು ಸೆಕೆಂಡ್ ವ್ಯರ್ಥ ಆಗುತ್ತದೆ. ಎಲ್ಲ ಕಡೆಗೂ ಒಮ್ಮೆ ಹಸಿರು ಬಂದು ಹೋದರೆ ಒಂದು ಸುತ್ತು. ಸುತ್ತು ದೊಡ್ಡದಾದರೆ ಈ ನಷ್ಟ ಕಡಿಮೆ. ಆದರೆ ಇಡೀ ಸುತ್ತು 120 ಸೆಕೆಂಡ್ ದಾಟಿದ ಮೇಲೆ ಲಾಭ ಅಷ್ಟಕ್ಕಷ್ಟೇ. ಕೆಂಪು ದೀಪದಲ್ಲಿ ನಿಂತವರ ಸಾಲು ಹಿಂದಿನ ಕ್ರಾಸ್‌ವರೆಗೆ ಬೆಳೆದು ಅದನ್ನೂ ಕಟ್ಟಿಹಾಕುತ್ತದೆ.

ನಾನು ಹೆಚ್ಚು ಒತ್ತಿ ಹೇಳುವುದು ಬೇರೆ ವಿಷಯ. ಅಡ್ಡಿ ಇಲ್ಲದ ಒಂದು ಲೇನ್‌ನಲ್ಲಿ ಹೆಚ್ಚುಕಡಿಮೆ ಎರಡು ಸೆಕೆಂಡಿಗೆ ಒಂದು ಕಾರು ದಾಟುತ್ತದೆ. 30 ಸೆಕೆಂಡ್ ಹಸಿರಿಗೆ 15 ಕಾರು ಅನ್ನಿ. ಸಿಗ್ನಲ್ ದಾಟಿದ ತಕ್ಷಣ ಒಂದು ಬಸ್ ಅಥವಾ ಟಂಟಂ ಜನರನ್ನು ಹತ್ತಿಸಿಕೊಳ್ಳಲು ನಿಂತರೆ ಆ ಲೇನ್ ಅಲ್ಲಿಗೆ ಮುಗಿಯಿತು. ಹಸಿರು ಇದ್ದರೂ ಸುಮ್ನೆ ಹಾರ್ನ್ ಹೊಡೆಯುತ್ತ ನಿಲ್ಲಬೇಕು. ಬಸ್ ನಿಲುಗಡೆ ಕೂಡುರಸ್ತೆಯಿಂದ ಕನಿಷ್ಠ 75 ಮೀಟರ್ ದೂರ ಇರಲಿ ಎಂದು ಭಾರತೀಯ ರಸ್ತೆ ಕಾಂಗ್ರೆಸ್ ಹೇಳುತ್ತದೆ. ಸರ್ಕಲ್ ಸುಧಾರಣೆಗೆ ಇದಕ್ಕಿಂತ ಅಗ್ಗದ ದಾರಿ ನನಗೆ ಕಂಡಿಲ್ಲ. ಆದರೆ ನಿಲುಗಡೆಯನ್ನು ದೂರ ಒಯ್ದರೆ ಅಲ್ಲಿವರೆಗೆ ನಡೆಯಲು ಫುಟ್‌ಪಾತ್ ಕೊಡಬೇಕು, ಇಲ್ಲದಿದ್ದರೆ ಜನ ಮೊದಲಿನ ಜಾಗದಲ್ಲೇ ಕೈ ಮಾಡುತ್ತಾರೆ.

ಕೆಲಸ ನಡೆಯುವಾಗ ಒಂದು ಕಡೆಯ ರಸ್ತೆ ಮುಚ್ಚಿದರೆ ಸಿಗ್ನಲ್ ಲೆಕ್ಕವನ್ನೂ ಹೊಸದಾಗಿ ಹಾಕಬೇಕು. ಗಾಡಿಯೇ ಬಾರದ ರಸ್ತೆಗೆ ಹಸಿರು ಉರಿಯುತ್ತಿದ್ದರೆ ಉಳಿದವರು ಯಾಕೆ ಕಾಯಬೇಕು?

ಗದಗದ ಮುಳಗುಂದ ನಾಕಾದಂಥ ಜಾಗಕ್ಕೆ ಸಿಗ್ನಲ್ ಒಳ್ಳೇದೋ, ದುಂಡು ಸರ್ಕಲ್ಲೋ?
— ಓದುಗರು, ಗದಗ

ಗಾಡಿ ಎಣಿಸದೆ ಹೇಳಲಾಗದು. ನಾಲ್ಕು ರಸ್ತೆ ಕೂಡುವಲ್ಲಿ ಗಾಡಿಗಳು ಒಂದಕ್ಕೊಂದು ಎದುರಾಗುವ 32 ಬಿಂದುಗಳಿರುತ್ತವೆ. ಒಂದು ಲೇನಿನ ದುಂಡು ಸರ್ಕಲ್‌ನಲ್ಲಿ 8 ಮಾತ್ರ, ವೇಗವೂ ತಾನಾಗಿ ಇಳಿಯುತ್ತದೆ. ಆದರೆ ಒಳಗಿರುವ ಗಾಡಿಗೆ ಹೊರಗಿನವರು ದಾರಿ ಬಿಡಬೇಕು. ಸರ್ಕಲ್ ಸುತ್ತ ತಳ್ಳುಗಾಡಿ, ಆಟೊ ನಿಂತರೆ ಅದು ಕೆಲಸ ಮಾಡದು.

ಮಗಳು ಸಂಜೆ ಟ್ಯೂಷನ್ ಮುಗಿಸಿ ಕಾಮಗಾರಿ ಪಕ್ಕದಲ್ಲೇ ನಡೆದು ಬರುತ್ತಾಳೆ. ಗುಂಡಿ ಸುತ್ತ ಬರೀ ರಿಬ್ಬನ್ ಕಟ್ಟಿದ್ದಾರೆ. ಯಾರನ್ನು ಕೇಳಬೇಕು?
— ತಾಯಿಯೊಬ್ಬರು, ಹುಬ್ಬಳ್ಳಿ

ತಾಯಿ, ರಿಬ್ಬನ್ ಬ್ಯಾರಿಕೇಡ್ ಅಲ್ಲ. ಕತ್ತಲಲ್ಲಿ ಹೊಳೆಯುವ ಪಟ್ಟಿ ಇರುವ ಗಟ್ಟಿ ತಡೆ, ಕೆಂಪು ದೀಪ, ನಡೆಯುವವರಿಗೆ ಬೇರೆ ದಾರಿ ಇರಲೇಬೇಕು. ನಿಧಾನಕ್ಕೆ ಗಾಡಿ ಓಡುವ ಊರೊಳಗೂ ಮೊದಲ ಎಚ್ಚರಿಕೆ ಫಲಕ ಸುಮಾರು 100 ಮೀಟರ್ ಮುಂಚೆ ಕಾಣಬೇಕು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಸೆಕ್ಷನ್ ಸೇರಿಸಿದರು. ರಸ್ತೆ ಸುರಕ್ಷತೆಯ ಮಾನದಂಡ ಪಾಲಿಸದೆ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ, ಹೊಣೆ ಹೊತ್ತ ಇಲಾಖೆ ಅಥವಾ ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಇದೆ.

ಅನಾಹುತ ಆಗೋವರೆಗೆ ಕಾಯಬೇಡಿ. ಸಂಜೆ ಹೊತ್ತಿನದೇ ಒಂದು ಫೋಟೊ ತೆಗೆಯಿರಿ, ಹತ್ತಿರದ ಪಿಲ್ಲರ್ ನಂಬರ್ ಅಥವಾ ಅಂಗಡಿ ಬೋರ್ಡ್ ಕಾಣುವಂತಿರಲಿ. ದಿನಾಂಕ ಹಾಕಿ ಸಂಚಾರ ಠಾಣೆಗೂ ಕಾಮಗಾರಿ ಮಾಡಿಸುವ ಇಲಾಖೆಗೂ ಬರೆದು ಕೊಡಿ, ಸ್ವೀಕೃತಿ ತಗೊಳ್ಳಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಆ ಕಾಮಗಾರಿಯ ಸಂಚಾರ ನಿರ್ವಹಣಾ ಯೋಜನೆಯ ಪ್ರತಿ ಕೇಳಿ. 30 ದಿನದೊಳಗೆ ಕೊಡಬೇಕು. ಅಲ್ಲಿವರೆಗೆ ಮಗಳು ರಸ್ತೆಯ ಆಚೆ ಬದಿಯಲ್ಲೇ ಬರಲಿ, ಸ್ವಲ್ಪ ಸುತ್ತಾದರೂ ಸರಿ.