ಒಳ್ಳೆಯ ಸ್ಟುಡಿಯೋ ಮಾನಿಟರ್ (ಧ್ವನಿಮುದ್ರಣ ಕೆಲಸದ ಸ್ಪೀಕರ್) ಇದ್ದರೂ ಬೇಸ್ (ಕೆಳಗಿನ ಸ್ವರಗಳು) ಯಾಕೆ ಸರಿಯಾಗಿ ಕೇಳಿಸುವುದಿಲ್ಲ? ಗೋಡೆಗೆ ಫೋಮ್ ಅಂಟಿಸಿದರೆ ಸಾಕೇ?

ಫೋಮ್ ಸಾಲದು. ನಿಮ್ಮ ಕಿವಿಗೆ ಬರುವುದು ಸ್ಪೀಕರಿನ ನೇರ ದನಿಯೊಂದೇ ಅಲ್ಲ, ಅದರ ಬೆನ್ನಿಗೇ ಗೋಡೆಗೆ ಬಡಿದು ಮರಳುವ ದನಿಯೂ ಹೌದು. ಎರಡೂ ಬೆರೆತಾಗ ಕೆಲವು ಸ್ವರ ಉಬ್ಬುತ್ತವೆ, ಕೆಲವು ಅಳಿಸಿಹೋಗುತ್ತವೆ.

ಸ್ಪೀಕರಿನ ಮುಖ ಅದರ ಹಿಂಬದಿ ಗೋಡೆಯಿಂದ 86 ಸೆಂ.ಮೀ. ದೂರವಿದೆ ಎನ್ನಿ. ಗೋಡೆಗೆ ಹೋಗಿ ಬರುವ ದಾರಿ 1.72 ಮೀಟರ್, ಅಂದರೆ 100 ಹರ್ಟ್ಸ್ ಅಲೆಯ ಅರ್ಧದಷ್ಟು ಉದ್ದ. ಮರಳಿದ ಅಲೆಯ ಉಬ್ಬು ನೇರ ಅಲೆಯ ತಗ್ಗಿನ ಮೇಲೆ ಬಿದ್ದು ಆ ಬೇಸ್ ಕುಸಿಯುತ್ತದೆ. ಸ್ವರಗಳ ಮಟ್ಟ ಏರಿಳಿಸುವ ಈಕ್ವಲೈಸರಿನಲ್ಲಿ ಅದನ್ನು ಏರಿಸಿ ಪ್ರಯೋಜನವಿಲ್ಲ, ಮರಳುವ ಅಲೆಯೂ ಅಷ್ಟೇ ಏರುತ್ತದೆ.

5 ಸೆಂ.ಮೀ. ಫೋಮ್ ಹೀರುವುದು ಮೇಲಿನ ಸ್ವರಗಳನ್ನು ಮಾತ್ರ. ಕೋಣೆ ತುಂಬ ಅದನ್ನೇ ಅಂಟಿಸಿದರೆ ಹೊಳಪು ಸತ್ತು, ಗುಂಯ್‌ಗುಡುವ ಬೇಸ್ ಹಾಗೇ ಉಳಿಯುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಮೊದಲು ಮೂಲೆಗಳಲ್ಲಿ ಮತ್ತು ಸ್ಪೀಕರಿನ ಹಿಂದೆ 15 ಸೆಂ.ಮೀ. ದಪ್ಪದ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ನಾರು) ಪ್ಯಾನೆಲ್‌ಗಳನ್ನು, ಗೋಡೆಯಿಂದ 10 ಸೆಂ.ಮೀ. ಬಿಟ್ಟು ನಿಲ್ಲಿಸಿ. ನಾರು ಉದುರದಂತೆ ಬಟ್ಟೆ ಸುತ್ತಿರಬೇಕು. ಆಮೇಲೆ ಪಕ್ಕದ ಗೋಡೆಗಳು: ನೀವು ಕೂತಲ್ಲೇ ಕೂತಿರಿ, ಇನ್ನೊಬ್ಬರು ಗೋಡೆಗುಂಟ ಕನ್ನಡಿ ಸರಿಸಲಿ. ಕನ್ನಡಿಯಲ್ಲಿ ನಿಮಗೆ ಸ್ಪೀಕರ್ ಎಲ್ಲಿ ಕಾಣಿಸುತ್ತದೋ ಅಲ್ಲಿಗೇ 10 ಸೆಂ.ಮೀ. ಪ್ಯಾನೆಲ್ ಹಾಕಿ.