ಇಂಪ್ಲಾಂಟ್ ಕಂಪನಿಯ ಕೆಲಸ, ಅಪ್ಪನ ಕಂದು ಚೀಲ

ಅವರನ್ನು ಇಲ್ಲಿ ವಸುಧಾ ಎಂದು ಕರೆಯುತ್ತೇನೆ. ಹೆಸರು, ಊರು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆದದ್ದನ್ನು ಅವರಿಗೆ ಓದಲು ಕೊಟ್ಟು ಒಪ್ಪಿಗೆ ಪಡೆದಿದ್ದೇನೆ.

ವಯಸ್ಸು 29. ಫಿಸಿಯೋಥೆರಪಿ ಪದವಿ ಮುಗಿಸಿ ಆರು ವರ್ಷದಿಂದ ದಕ್ಷಿಣ ಬೆಂಗಳೂರಿನ ಆಸ್ಪತ್ರೆಯೊಂದರ ಮೂಳೆ ವಿಭಾಗದಲ್ಲಿದ್ದಾರೆ. ಮಂಡಿಯ ಕೀಲು ಬದಲಿಸಿಕೊಂಡವರನ್ನು ಹಾಸಿಗೆಯಿಂದ ಎಬ್ಬಿಸಿ, ವಾಕರ್ ಹಿಡಿಸಿ ನಡೆಸುವುದು ಅವರ ಕೆಲಸ. ಕೈಗೆ ಸಿಗುವ ಸಂಬಳ 24 ಸಾವಿರ. ಗಂಡ ಪೀಣ್ಯದ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲೆ ದುಡಿಯುತ್ತಾರೆ. ವಿಜಯನಗರದಲ್ಲಿ ಬಾಡಿಗೆ ಮನೆ, ಜೊತೆಗೆ ಅತ್ತೆ. ಕೃತಕ ಕೀಲು, ಮುರಿದ ಮೂಳೆಗೆ ಹಾಕುವ ಪ್ಲೇಟು, ಸ್ಕ್ರೂ, ರಾಡು ಮುಂತಾದ ಇಂಪ್ಲಾಂಟ್ ಮಾರುವ ಕಂಪನಿಯೊಂದು ವರ್ಷಕ್ಕೆ 6.6 ಲಕ್ಷ ರೂಪಾಯಿಯ ಪ್ಯಾಕೇಜ್ ಕೊಡುವುದಾಗಿ ಹೇಳಿ ಅವರನ್ನು ತನ್ನ ಮಾರಾಟ ಪ್ರತಿನಿಧಿಯ ಕೆಲಸಕ್ಕೆ ಕರೆದಿತ್ತು. ಉತ್ತರ ಹೇಳಲು ಹತ್ತು ದಿನದ ಗಡುವು.

ಗಾಂಧಿ ಬಜಾರಿನ ಹತ್ತಿರದ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಅವರು ಬಂದಾಗ ಅದರಲ್ಲಿ ಮೂರು ದಿನ ಕಳೆದಿತ್ತು. ಕುಳಿತ ಕೂಡಲೇ, "ಮೇಡಂ, ಹೂಂ ಅನ್ನಲೋ ಬೇಡವೋ, ಅಷ್ಟು ಹೇಳಿಬಿಡಿ ಸಾಕು" ಎಂದರು. ಅದೊಂದನ್ನು ನಾನು ಹೇಳುವುದಿಲ್ಲ, ಆದರೆ ಗಡುವು ಮುಗಿಯುವುದರೊಳಗೆ ನೀವೇ ಹೇಳುವಂತೆ ಮಾಡಲು ನನ್ನಿಂದಾದದ್ದನ್ನೆಲ್ಲ ಮಾಡುತ್ತೇನೆ ಎಂದೆ. ಹೀಗಾಗಿ ವಾರಕ್ಕೊಂದು ಭೇಟಿಯ ನನ್ನ ಪದ್ಧತಿಯನ್ನು ಬಿಟ್ಟು ಒಂದೇ ವಾರದಲ್ಲಿ ಮೂರು ಸಲ ಕುಳಿತೆವು.

ಮೊದಲ ದಿನ ಅವರು ಹೇಳಿದ ಕಾರಣಗಳೆಲ್ಲ ನ್ಯಾಯವಾದವೇ. ರಾತ್ರಿ ಅಪಘಾತದ ಕೇಸ್ ಬಂದರೆ ಹೋಗಬೇಕು, ಮಾರಾಟದ ಟಾರ್ಗೆಟ್ ಇರುತ್ತದೆ, ಅತ್ತೆಗೆ ಇಷ್ಟವಿಲ್ಲ, ಕಲಿತ ವಿದ್ಯೆ ಬಿಟ್ಟಂತಾಗುತ್ತದೆ. ಆದರೆ ಇವನ್ನೆಲ್ಲ ಪಾಠ ಒಪ್ಪಿಸುವಂತೆ ಒಂದೇ ದನಿಯಲ್ಲಿ ಹೇಳುತ್ತಿದ್ದರು. ನಿಜವಾಗಿ ಕಾಡುವ ಸಂಗತಿಯನ್ನು ಯಾರೂ ಅಷ್ಟು ಸರಾಗವಾಗಿ ಹೇಳುವುದಿಲ್ಲ. ಹಾಗಾಗಿ, ಕೆಲಸ ಒಪ್ಪಿಕೊಂಡಿದ್ದೀರಿ ಎಂದುಕೊಂಡು ಮೊದಲ ದಿನ ಹೇಗಿರುತ್ತದೆಂದು ವರ್ಣಿಸಿ ಎಂದೆ.

ಕಣ್ಣು ಮುಚ್ಚಿಕೊಂಡು ಹೇಳತೊಡಗಿದರು. ಆಸ್ಪತ್ರೆಯ ಹೊರರೋಗಿ ವಿಭಾಗ, ಬೆಂಚಿನ ಮೇಲೆಲ್ಲ ರೋಗಿಗಳು. ತಾನು ಗೋಡೆಗೆ ಒತ್ತಿಕೊಂಡು, ಕುಡಿಯುವ ನೀರಿನ ಫಿಲ್ಟರ್ ಪಕ್ಕದಲ್ಲಿ ನಿಂತಿದ್ದೇನೆ. ಕೈಯಲ್ಲಿ ಕಂದು ಬಣ್ಣದ ಭಾರದ ಚೀಲ. ಡಾಕ್ಟರ ಸಹಾಯಕ ಹೊರಗೆ ಬಂದು, ಮುಖ ನೋಡದೆ "ಆಮೇಲೆ, ಆಮೇಲೆ" ಎನ್ನುತ್ತಾನೆ.

"ಇಂಪ್ಲಾಂಟ್ ಕಂಪನಿಯವರು ಕಂದು ಚೀಲ ಹಿಡಿದು ನಿಲ್ಲುವುದನ್ನು ನಿಮ್ಮ ಆಸ್ಪತ್ರೆಯಲ್ಲಿ ನೋಡಿದ್ದೀರಾ?" ಎಂದು ಕೇಳಿದೆ.

ಕಣ್ಣು ಬಿಟ್ಟರು. ಇಲ್ಲ ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಅದು ಅಪ್ಪನ ಚೀಲ" ಎಂದರು.

ತಂದೆ ದಾವಣಗೆರೆಯಲ್ಲಿ ಮೂವತ್ತು ವರ್ಷ ಮೆಡಿಕಲ್ ರೆಪ್, ಅಂದರೆ ಔಷಧ ಕಂಪನಿಯ ಪ್ರತಿನಿಧಿ, ಆಗಿದ್ದವರು. ವಸುಧಾ ಒಂಬತ್ತು ವರ್ಷದವರಿದ್ದಾಗ ಜ್ವರವೆಂದು ತಾಯಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದರು. ಗೋಡೆಯ ಬಳಿ ಇನ್ನಿಬ್ಬರ ಜೊತೆ ಅಪ್ಪ ನಿಂತಿದ್ದರು. ಸಹಾಯಕ ಅವರನ್ನು ಎರಡು ಸಲ ಆಮೇಲೆ ಎಂದು ನಿಲ್ಲಿಸಿದ. ಅಪ್ಪ ಇವರನ್ನು ನೋಡಿದರು, ನೋಡಿಯೂ ಗುರುತಿಲ್ಲದವರಂತೆ ಮುಖ ತಿರುಗಿಸಿಕೊಂಡರು. ಆ ಕ್ಷಣದಲ್ಲಿ ಮಗುವಿಗೆ ಆದದ್ದು ನಾಚಿಕೆಯೋ ದುಃಖವೋ, ಇಪ್ಪತ್ತು ವರ್ಷದಲ್ಲಿ ಅದನ್ನು ಬಿಡಿಸಿ ನೋಡಿರಲಿಲ್ಲ. ಅಪ್ಪನ ಬಳಿ ಒಮ್ಮೆಯೂ ಕೇಳಿರಲಿಲ್ಲ.

ಆ ಭೇಟಿಯ ಕೊನೆಯಲ್ಲಿ ಎರಡು ಕೆಲಸ ಹೇಳಿ ಕಳಿಸಿದೆ. ಮೊದಲನೆಯದು, ತಂದೆಗೆ ಫೋನ್ ಮಾಡಿ ಆ ದಿನದ ಬಗ್ಗೆ ಕೇಳುವುದು. ಎರಡನೆಯದು, ತಮ್ಮ ಆಸ್ಪತ್ರೆಗೇ ಬರುವ ಇಂಪ್ಲಾಂಟ್ ಕಂಪನಿಯ ಪ್ರತಿನಿಧಿಯೊಬ್ಬರ ಒಂದು ದಿನದ ಕೆಲಸವನ್ನು, ಸರ್ಜನ್ ಒಪ್ಪಿದರೆ ಆಪರೇಷನ್ ಥಿಯೇಟರ್ ಒಳಗಿನದನ್ನೂ, ಗಮನವಿಟ್ಟು ನೋಡುವುದು. ಇದು ನಾನು ಉದ್ಯೋಗದ ಗೊಂದಲದಲ್ಲಿ ಬರುವ ಎಲ್ಲರಿಗೂ ಹೇಳುವ ಮಾತು. ನೋಡದ ಕೆಲಸದ ಬಗ್ಗೆ ಮನಸ್ಸು ತನಗೆ ಗೊತ್ತಿರುವ ಹಳೆಯ ಚಿತ್ರವನ್ನೇ ತಂದು ಅಂಟಿಸಿಕೊಳ್ಳುತ್ತದೆ.

ಎರಡನೆಯ ಭೇಟಿಗೆ ಬಂದವರು ಬೇರೆಯೇ ಹೆಂಗಸು. ಥಿಯೇಟರ್‌ನಲ್ಲಿ ಕಂಡದ್ದನ್ನು ಒಂದೇ ಉಸಿರಿಗೆ ಹೇಳಿದರು. ಬೆಳಿಗ್ಗೆ ಆರೂವರೆಗೆ ಪ್ರತಿನಿಧಿ ಉಪಕರಣದ ಪೆಟ್ಟಿಗೆಗಳನ್ನು ತಂದಿದ್ದ. ಅವು ಹಬೆಯಲ್ಲಿ ಕ್ರಿಮಿಶುದ್ಧಿ ಮಾಡುವ ಆಟೋಕ್ಲೇವ್‌ಗೆ ಹೋಗಿ ಬಂದವು. ಮಂಡಿಯ ಕೀಲಿನ ಎಲ್ಲ ಅಳತೆಗಳೂ ಅವನ ಬಳಿ ಇರಬೇಕು, ಏಕೆಂದರೆ ಯಾವುದು ಕೂರುತ್ತದೆ ಎಂಬುದು ಮೂಳೆ ಕತ್ತರಿಸಿ, ಪರೀಕ್ಷೆಯ ಕೀಲು ಇಟ್ಟು ನೋಡಿದ ಮೇಲೆಯೇ ಖಚಿತ. ಸರ್ಜನ್ ಅಳತೆ ಹೇಳಿದೊಡನೆ ಅವನು ಪೊಟ್ಟಣದ ಮೇಲಿನ ಸಂಖ್ಯೆಯನ್ನು ಗಟ್ಟಿಯಾಗಿ ಓದಿದ, ನರ್ಸ್ ಮತ್ತೊಮ್ಮೆ ಓದಿದರು, ಆಮೇಲೆಯೇ ಪೊಟ್ಟಣ ಬಿಚ್ಚಿದ್ದು. ಶಸ್ತ್ರಚಿಕಿತ್ಸೆ ಮುಗಿದ ಬಳಿಕ ಕೀಲು ತಯಾರಿಕೆಯ ಯಾವ ಕಂತಿನದೆಂದು ತಿಳಿಸುವ ಲಾಟ್ ಸಂಖ್ಯೆಯಿದ್ದ ಚಿಕ್ಕ ಸ್ಟಿಕರ್‌ಗಳನ್ನು ರೋಗಿಯ ಕಡತಕ್ಕೆ ಅಂಟಿಸಿದರು. "ಆ ಸ್ಟಿಕರ್‌ಗಳನ್ನು ಆರು ವರ್ಷದಿಂದ ಕೇಸ್ ಶೀಟಿನಲ್ಲಿ ನೋಡುತ್ತಿದ್ದೇನೆ ಮೇಡಂ. ಅದರ ಹಿಂದೆ ಇಷ್ಟೊಂದು ಇದೆ ಎಂದು ಗೊತ್ತಿರಲಿಲ್ಲ" ಎಂದರು. ಅಲ್ಲಿ ಅವನು ಯಾರ ಬಾಗಿಲಲ್ಲೂ ನಿಂತಿರಲಿಲ್ಲ. ಅವನು ತಡಮಾಡಿದ್ದರೆ ಕೇಸ್ ನಿಲ್ಲುತ್ತಿತ್ತು.

ತಂದೆಯ ಮಾತನ್ನು ಮಾತ್ರ ನಿಧಾನವಾಗಿ ಹೇಳಿದರು. ಅವರಿಗೆ ಆ ದಿನ ಚೆನ್ನಾಗಿ ನೆನಪಿತ್ತು. "ನಾನು ಮುಂದೆ ಬಂದಿದ್ದರೆ ಡಾಕ್ಟರ್ ನಿನ್ನನ್ನು ಮೊದಲು ಕರೆಯುತ್ತಿದ್ದರಮ್ಮ, ಫೀಸೂ ತೆಗೆದುಕೊಳ್ಳುತ್ತಿರಲಿಲ್ಲ. ಆಮೇಲೆ ನಾನು ಅವರ ಋಣದಲ್ಲಿ ಕುಳಿತು ಔಷಧದ ಬಗ್ಗೆ ಮಾತನಾಡಬೇಕಾಗುತ್ತಿತ್ತು. ಅದು ಬೇಡವಾಗಿತ್ತು" ಎಂದರಂತೆ. ಕಾಯುವುದು ಕಷ್ಟವಾಗುತ್ತಿರಲಿಲ್ಲವೇ ಎಂದು ಮಗಳು ಕೇಳಿದ್ದಕ್ಕೆ ಅವರ ಉತ್ತರ: "ಕಾಯುವುದಕ್ಕೆ ಸಂಬಳವಿತ್ತು. ಕಷ್ಟವಾಗುತ್ತಿದ್ದದ್ದು ತಿಂಗಳ ಕೊನೆ. ಟಾರ್ಗೆಟ್ ಮುಟ್ಟಲಿಲ್ಲವೆಂದು ಸಗಟು ವ್ಯಾಪಾರದ ಸ್ಟಾಕಿಸ್ಟ್ ಕೈಕಾಲು ಹಿಡಿದು ಅವನಿಗೆ ಬೇಡದ ಮಾಲನ್ನು ಬಿಲ್ ಮಾಡಿಸುತ್ತಿದ್ದೆವು. ಅದು ವಾಪಸು ಬರುತ್ತದೆಂದು ಇಬ್ಬರಿಗೂ ಗೊತ್ತಿರುತ್ತಿತ್ತು. ನೀನು ಹೋಗುವುದಾದರೆ ಅದೊಂದನ್ನು ಕೇಳಿಕೊಂಡು ಹೋಗು."

ಹೇಳುತ್ತ ಹೇಳುತ್ತ ಅತ್ತರು. ಆ ದಿನ ನಾನು ಬೇರೇನನ್ನೂ ಮಾಡಲಿಲ್ಲ, ಉಳಿದ ಅರ್ಧ ಗಂಟೆಯನ್ನು ಅದಕ್ಕೇ ಬಿಟ್ಟೆ.

ಚೀಲವನ್ನು ಅಪ್ಪನಿಗೆ ಹಿಂತಿರುಗಿಸಿದ ಮೇಲೆ ಕೆಲಸದ ನಿಜವಾದ ತೊಡಕುಗಳು ಒಂದೊಂದಾಗಿ ಕಾಣತೊಡಗಿದವು. ಮೂರನೆಯ ಭೇಟಿಯನ್ನು ಪೂರ್ತಿಯಾಗಿ ಅವಕ್ಕೇ ಇಟ್ಟೆವು. ಇಲ್ಲಿ ನಾನು ಕೊಟ್ಟ ಸಲಹೆಯನ್ನು ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇದೇ ಬಗೆಯ ಕೆಲಸದ ಪತ್ರ ಹಿಡಿದು ಬರುವವರು ಈಚೆಗೆ ಹೆಚ್ಚಾಗಿದ್ದಾರೆ. ನರ್ಸ್‌ಗಳು, ಥಿಯೇಟರ್ ತಂತ್ರಜ್ಞರು, ಬಯೋಮೆಡಿಕಲ್ ಎಂಜಿನಿಯರುಗಳು ಬರುತ್ತಾರೆ.

ಮೊದಲು ಹಣ. 6.6 ಲಕ್ಷವನ್ನು ಹನ್ನೆರಡರಿಂದ ಭಾಗಿಸಿ 55 ಸಾವಿರ ಎಂದು ಅವರು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಪತ್ರವನ್ನು ಮೇಜಿನ ಮೇಲೆ ಹರಡಿ ಇಬ್ಬರೂ ಲೆಕ್ಕ ಹಾಕಿದೆವು. ಅದರಲ್ಲಿ 1.8 ಲಕ್ಷ ಇನ್ಸೆಂಟಿವ್, ಟಾರ್ಗೆಟ್ ಮುಟ್ಟಿದರೆ ಮಾತ್ರ. ಉಳಿದ 40 ಸಾವಿರದಲ್ಲಿ ಭವಿಷ್ಯನಿಧಿಯ ಎರಡೂ ಪಾಲು, ಗ್ರಾಚ್ಯುಟಿ, ವೃತ್ತಿ ತೆರಿಗೆ ಹೋಗಿ ಕೈಗೆ ಬರುವುದು ಹೆಚ್ಚುಕಡಿಮೆ 35 ಸಾವಿರ. ಈಗಿನದಕ್ಕಿಂತ 11 ಸಾವಿರ ಹೆಚ್ಚು. ಒಳ್ಳೆಯ ಹೆಚ್ಚಳವೇ, ಆದರೆ ಅವರು ತೂಗುತ್ತಿದ್ದದ್ದು 31 ಸಾವಿರದ ಹೆಚ್ಚಳವನ್ನು. ಮನೆ ನಡೆಸುವ ಲೆಕ್ಕವನ್ನು 35ರ ಮೇಲೆಯೇ ಮಾಡಿ, ಇನ್ಸೆಂಟಿವ್ ಬಂದ ದಿನ ಬಂತು ಎಂದುಕೊಳ್ಳಿ ಎಂದೆ.

ಆಮೇಲೆ ತಂದೆಯ ಪ್ರಶ್ನೆ. ಟಾರ್ಗೆಟ್ ಎಣಿಸುವುದು ಡೀಲರ್‌ಗೆ ಬಿಲ್ ಮಾಡಿದ ಮಾಲಿನ ಮೇಲೋ, ರೋಗಿಗೆ ನಿಜವಾಗಿ ಬಳಸಿದ ಇಂಪ್ಲಾಂಟ್ ಮೇಲೋ? ಇದಕ್ಕೆ ಮ್ಯಾನೇಜರ್ ಕೊಡುವ ಉತ್ತರದಿಂದ ಆ ಕಂಪನಿಯ ತಿಂಗಳ ಕೊನೆ ಹೇಗಿರುತ್ತದೆಂದು ತಿಳಿಯುತ್ತದೆ. ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ: ಆಸ್ಪತ್ರೆ ಹಣ ಕೊಡುವುದು ತಡವಾದರೆ ಇನ್ಸೆಂಟಿವ್ ನಿಲ್ಲುತ್ತದೆಯೇ, ಬಾಕಿ ವಸೂಲಿ ಯಾರ ಹೆಗಲಿಗೆ? ಮತ್ತೆ, ನೇಮಕದ ಪತ್ರ ಕಂಪನಿಯದೋ ಡೀಲರ್‌ನದೋ? ವಿಸಿಟಿಂಗ್ ಕಾರ್ಡಿನ ಮೇಲೆ ಒಂದು ಹೆಸರಿದ್ದು ಸಂಬಳ ಇನ್ನೊಬ್ಬರಿಂದ ಬರುವ ಏರ್ಪಾಡು ಇಲ್ಲಿ ಇದೆ. ಹೆರಿಗೆ ರಜೆ ಬೇಕಾದ ದಿನ ಆ ವ್ಯತ್ಯಾಸ ದೊಡ್ಡದಾಗುತ್ತದೆ. 2017ರ ತಿದ್ದುಪಡಿಯ ನಂತರ ಮೊದಲೆರಡು ಮಕ್ಕಳಿಗೆ ವೇತನಸಹಿತ 26 ವಾರಗಳ ರಜೆ ಕಾನೂನಿನಲ್ಲಿದೆ. ಅದನ್ನು ಕೊಡಬೇಕಾದವರು ಯಾರು ಎಂಬುದು ಪತ್ರದಲ್ಲಿ ಸ್ಪಷ್ಟವಾಗಿರಬೇಕು.

ಮಗುವಿನ ಮಾತನ್ನು ನಾನೇ ಎತ್ತಬೇಕಾಯಿತು. ಮುರಿದ ಮೂಳೆಗೆ ರಾಡು ಹಾಕುವಾಗ ಸಿ-ಆರ್ಮ್ ಯಂತ್ರದಲ್ಲಿ ಎಕ್ಸ್‌ರೇ ಬಿಡುತ್ತಲೇ ಇರುತ್ತಾರೆ. ಒಳಗಿರುವ ಎಲ್ಲರೂ ಸೀಸದ ಏಪ್ರನ್ ತೊಡಬೇಕು. ಹೊರಗಿನಿಂದ ಬರುವ ಪ್ರತಿನಿಧಿಗೆ ಏಪ್ರನ್ ಸಾಲದೆ ಹೋಗುವುದುಂಟು ಎಂದು ವಸುಧಾ ಅವರೇ ಹೇಳಿದರು. ಏಪ್ರನ್ ಇಲ್ಲದಿದ್ದರೆ ಒಳಗೆ ಕಾಲಿಡಬೇಡಿ, ಯಾರು ಎಷ್ಟೇ ಅವಸರ ಮಾಡಲಿ. ವಿಕಿರಣದ ಪ್ರಮಾಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಕೊಡುತ್ತೀರಾ, ಗರ್ಭಿಣಿಯಾದರೆ ಸಿ-ಆರ್ಮ್ ಇಲ್ಲದ ಕೇಸ್‌ಗಳಿಗೆ ಬದಲಿಸುತ್ತೀರಾ ಎಂದು ಮ್ಯಾನೇಜರ್‌ಗೆ ಇಮೇಲ್‌ನಲ್ಲಿ ಕೇಳಿ ಎಂದೆ. ಇದನ್ನು ಕೇಳಿದರೆ ಕೆಲಸ ಕೈತಪ್ಪಬಹುದೆಂಬ ಅಳುಕು ಅವರಿಗಿತ್ತು. ಆ ಅಳುಕು ಸುಳ್ಳಲ್ಲ. ಆದರೆ ಈ ಪ್ರಶ್ನೆಗೆ ಮುಖ ಗಂಟಿಕ್ಕುವ ಕಡೆ ಕೆಲಸ ಮಾಡುವುದು ಹೇಗೆ ಎಂಬ ಪ್ರಶ್ನೆಯೂ ಇದೆಯಲ್ಲ.

ರಾತ್ರಿಯ ಕೇಸ್ ವಿಷಯ ಮನೆಯಲ್ಲಿ ತೀರ್ಮಾನವಾಗಬೇಕಾದದ್ದು. ಅವರಿಗೆ ಕೊಡುವುದಾಗಿ ಹೇಳಿದ್ದ ಪ್ರದೇಶ ಹೊಸೂರು ರಸ್ತೆಯಿಂದ ವೈಟ್‌ಫೀಲ್ಡ್‌ವರೆಗೆ. ಮೆಟ್ರೊ ರಾತ್ರಿ ಹನ್ನೊಂದರ ಸುಮಾರಿಗೆ ನಿಲ್ಲುತ್ತದೆ. ಒಂದು ದಿನ ಕಚೇರಿಯ ಹೊತ್ತಿನಲ್ಲಿ ವಿಜಯನಗರದಿಂದ ಸಿಲ್ಕ್ ಬೋರ್ಡ್ ದಾಟಿ ಬೊಮ್ಮಸಂದ್ರಕ್ಕೆ, ಅಲ್ಲಿಂದ ವೈಟ್‌ಫೀಲ್ಡ್‌ಗೆ, ಮತ್ತೆ ಮನೆಗೆ ಸ್ಕೂಟರ್‌ನಲ್ಲಿ ಹೋಗಿ ಬನ್ನಿ ಎಂದೆ. ಹೋಗಿ ಬಂದರು. ಇಡೀ ದಿನ ರಸ್ತೆಯಲ್ಲೇ ಹೋಯಿತು, ರಾತ್ರಿ ಬೆನ್ನು ನೆಟ್ಟಗಾಗಲಿಲ್ಲ. ಆ ಬೆನ್ನುನೋವೇ ಕಂಪನಿಯೊಡನೆ ಪ್ರದೇಶ ಬದಲಿಸುವ ಮಾತಿಗೆ ಧೈರ್ಯ ಕೊಟ್ಟಿತು.

ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯ. ಈ ವ್ಯಾಪಾರದಲ್ಲಿ ಆಮಿಷದ ಮಾತು ಒಂದಲ್ಲ ಒಂದು ದಿನ ಎದುರಾಗುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಔಷಧ ಇಲಾಖೆ ವೈದ್ಯಕೀಯ ಸಾಧನಗಳ ಮಾರಾಟಕ್ಕೆಂದೇ ನೀತಿಸಂಹಿತೆ ಹೊರಡಿಸಿತು. ವೈದ್ಯರಿಗಾಗಲಿ ಅವರ ಮನೆಯವರಿಗಾಗಲಿ ಸ್ವಂತ ಲಾಭದ ಉಡುಗೊರೆ ಕೊಡುವಂತಿಲ್ಲ ಎಂದು ಅದರಲ್ಲಿದೆ. ನಿಯಮ ಇದೆ, ಆದರೆ ಒಬ್ಬಂಟಿಯಾಗಿ ಎದುರು ಕುಳಿತಾಗ ನಾಲಿಗೆ ಏಳಬೇಕಲ್ಲ. ಆದ್ದರಿಂದ ನಾನು ಖರೀದಿ ವಿಭಾಗದ ಅಧಿಕಾರಿಯಾದೆ, ಅವರು ಪ್ರತಿನಿಧಿಯಾದರು. "ಬೇರೆ ಕಂಪನಿಯವರು ನಮ್ಮನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ" ಎಂದು ನಾನು ಹೇಳಬೇಕು, ಅವರು ಉತ್ತರಿಸಬೇಕು. ಮೊದಲ ಸಲ ತಲೆ ತಗ್ಗಿಸಿ ನಕ್ಕುಬಿಟ್ಟರು. ಎರಡನೆಯ ಸಲ ದನಿ ನಡುಗಿತು. ನಾಲ್ಕನೆಯ ಸಲ, "ಸರ್, ಇಂಪ್ಲಾಂಟ್ ಬಗ್ಗೆ ಏನು ಬೇಕಾದರೂ ಕೇಳಿ, ರಾತ್ರಿ ಎರಡಕ್ಕೆ ಕರೆದರೂ ಬರುತ್ತೇನೆ. ಇದೊಂದು ನನ್ನಿಂದಾಗುವುದಿಲ್ಲ" ಎಂದರು. ಅದು ಕ್ಲಿನಿಕ್ಕಿನಲ್ಲಿ ಮುಖ ತಿರುಗಿಸಿಕೊಂಡ ಅಪ್ಪನ ಮಗಳ ಮಾತು ಎಂದು ನನಗನ್ನಿಸಿತು, ಅವರಿಗೂ ಹೇಳಿದೆ.

ಕಳೆದುಕೊಳ್ಳುವುದೂ ಇದೆ, ಅದನ್ನು ಮುಚ್ಚಿಡಲಿಲ್ಲ. ಥಿಯೇಟರ್‌ನಲ್ಲಿ ಪ್ರತಿನಿಧಿ ಸಾಮಗ್ರಿಯ ಬಗ್ಗೆ ಹೇಳಬಹುದು, ರೋಗಿಯನ್ನು ಮುಟ್ಟುವಂತಿಲ್ಲ. ಆರು ವರ್ಷ ರೋಗಿಗಳ ಕೈಹಿಡಿದು ನಡೆಸಿದವರಿಗೆ ಇದು ಸಣ್ಣ ಸಂಗತಿಯಲ್ಲ. ಬಿಡುವಿನ ದಿನ ಒಬ್ಬಿಬ್ಬರು ರೋಗಿಗಳ ಮನೆಗೆ ಹೋಗಲು ಕಂಪನಿಯ ಒಪ್ಪಿಗೆ ಸಿಗುತ್ತದೆಯೇ ಕೇಳಿ, ಇಲ್ಲವೆಂದರೆ ಆ ನಷ್ಟವನ್ನೂ ಲೆಕ್ಕದಲ್ಲಿ ಬರೆದುಕೊಳ್ಳಿ ಎಂದೆ.

ಒಂಬತ್ತನೆಯ ದಿನ ಮ್ಯಾನೇಜರ್ ಉತ್ತರಿಸಿದರು. ಟಾರ್ಗೆಟ್ ಬಳಕೆಯಾದ ಇಂಪ್ಲಾಂಟ್ ಮೇಲೆ. ಹಣ ಬಂದ ಮೇಲೆಯೇ ಇನ್ಸೆಂಟಿವ್. ನೇಮಕ ಕಂಪನಿಯದೇ. ಪ್ರದೇಶವನ್ನು ರಾಜಾಜಿನಗರ, ಯಶವಂತಪುರದ ಕಡೆಗೆ ಬದಲಿಸಿಕೊಟ್ಟರು. ಬ್ಯಾಡ್ಜ್ ಕೊಡುತ್ತೇವೆ ಎಂದರು. ಗರ್ಭಿಣಿಯಾದಾಗಿನ ಬದಲಾವಣೆ ಮತ್ತು ಬಿಡುವಿನ ದಿನದ ರೋಗಿಗಳ ಬಗ್ಗೆ, "ಆಗ ನೋಡೋಣ" ಎಂದಷ್ಟೇ. ಈ ಕೊನೆಯ ಉತ್ತರ ನನಗೆ ಸಾಲದೆನಿಸಿತು, ಹಾಗೆಂದು ಹೇಳಿಯೂ ಹೇಳಿದೆ. ವಸುಧಾ ಎಲ್ಲವನ್ನೂ ಗಂಡನೊಡನೆ ಕುಳಿತು ಓದಿ, ಹತ್ತನೆಯ ದಿನ ಒಪ್ಪಿಕೊಂಡರು.

ಮೂರು ತಿಂಗಳ ಬಳಿಕ ಮತ್ತೆ ಬಂದಿದ್ದರು. ಇನ್ಸೆಂಟಿವ್ ಇನ್ನೂ ಒಂದು ರೂಪಾಯಿಯೂ ಬಂದಿಲ್ಲ, ಎರಡು ಆಸ್ಪತ್ರೆಗಳ ಬಾಕಿ ನಿಂತಿದೆ. ಬಾಡಿಗೆಗೆ ತೊಂದರೆಯಾಗಿಲ್ಲ. ರಾತ್ರಿ ಐದು ಸಲ ಕರೆ ಬಂದಿದೆ, ಮೂರು ಸಲ ಗಂಡ ಬಿಟ್ಟು ಬಂದರು, ಎರಡು ಸಲ ಅವರಿಗೆ ರಾತ್ರಿಪಾಳಿ ಇದ್ದುದರಿಂದ ಅತ್ತೆ ಆಟೋದಲ್ಲಿ ಜೊತೆಗೆ ಬಂದು ಆಸ್ಪತ್ರೆಯ ಬೆಂಚಿನ ಮೇಲೆ ಬೆಳಗಿನವರೆಗೆ ಕುಳಿತಿದ್ದರಂತೆ. ಸಿ-ಆರ್ಮ್ ಕೇಸ್‌ಗಳ ವಿಷಯ ಇನ್ನೂ ಬರಹದಲ್ಲಿ ಬಂದಿಲ್ಲ. ಮಗುವಿನ ಯೋಚನೆ ಮಾಡುವ ಮೊದಲು ಅದು ಕೈಯಲ್ಲಿರಬೇಕು ಎಂದು ನಾನು ಮತ್ತೆ ಒತ್ತಿ ಹೇಳಿದೆ. ಸೋಮವಾರ ಮಾನವ ಸಂಪನ್ಮೂಲ ವಿಭಾಗಕ್ಕೆ ಬರೆಯುತ್ತೇನೆ ಎಂದು, ಪತ್ರದ ಒಕ್ಕಣೆಯನ್ನು ನನ್ನೆದುರಿಗೇ ಮೊಬೈಲ್‌ನಲ್ಲಿ ಟೈಪ್ ಮಾಡಿಕೊಂಡು ಹೋದರು.