ಮೂರನೆಯದೇ ಕೈಹಿಡಿಯಿತು ಎನ್ನುವ ಮುನ್ನ

ಮಗುವಿನ ಒಂದು ತೊಂದರೆಗೆ ಮೂರು ಉಪಾಯಗಳನ್ನು ಒಂದಾದ ಮೇಲೊಂದು ಮಾಡಿ ನೋಡಿ, ಕೊನೆಯದೇ ಕೈಹಿಡಿಯಿತು ಎಂದು ತೀರ್ಮಾನಿಸಿಕೊಂಡು ಬರುವ ಮನೆಯವರು ಆಪ್ತಸಲಹೆಗೆ ಮತ್ತೆ ಮತ್ತೆ ಬರುತ್ತಾರೆ. ವಿಶೇಷ ಶಿಕ್ಷಕರೂ ಇದೇ ಜಾಗದಲ್ಲಿ ಎಡವುತ್ತಾರೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ವಿವರಗಳನ್ನೂ ಅಂಕಿಗಳನ್ನೂ ತುಸು ಬದಲಿಸಿದೆ.

ಹುಡುಗನಿಗೆ ಏಳು ವರ್ಷ. ಆಟಿಸಂ ಇದೆ, ಮಾತು ಎರಡು ಮೂರು ಪದಗಳಷ್ಟು. ಸಂಜೆ ಬರೆಯಲು ಕೂರಿಸಿದರೆ ನೋಟ್‌ಬುಕ್, ಪೆನ್ಸಿಲ್ ಎಸೆಯುತ್ತಾನೆ. ಮನೆಯವರು ಎರಡು ವಾರ ತೂಕದ ಜಾಕೆಟ್ ಹಾಕಿಸಿದರು, ಅಂದರೆ ಮಗು ಶಾಂತವಾಗಲೆಂದು ಒಳಗೆ ಭಾರ ಇಟ್ಟ ಮೇಲಂಗಿ. ಆಮೇಲೆ ಎರಡು ವಾರ ಟೋಕನ್ ಕೊಟ್ಟರು: ಒಂದು ಸಾಲು ಬರೆದರೆ ಒಂದು ಸ್ಟಿಕ್ಕರ್, ಐದಾದರೆ ಹತ್ತು ನಿಮಿಷ ಸೈಕಲ್. ಕೊನೆಗೆ ಎರಡು ವಾರ ‘ಸಾಕು’ ಕಾರ್ಡ್, ಅಂದರೆ ಬೇಸರವಾದಾಗ ಎಸೆಯದೆ ಕಾರ್ಡ್ ಎತ್ತಿ ಕೊಟ್ಟರೆ ಬಿಡುವು. ಮೂರಕ್ಕೂ ಬೇರೆ ಬೇರೆ ಕಡೆಯ ಕ್ಲಾಸುಗಳಿಗೆ ದುಡ್ಡು ಹೋಗುತ್ತಿತ್ತು. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದೇ ಅವರ ಪ್ರಶ್ನೆ.

ತಾಯಿ ದಿನವೂ ಲೆಕ್ಕ ಬರೆದಿಟ್ಟಿದ್ದರು. ಏನೂ ಮಾಡದ ವಾರದಲ್ಲಿ ದಿನಕ್ಕೆ ಸರಾಸರಿ ಎಂಟು ಸಲ ಎಸೆತ, ಜಾಕೆಟ್‌ನಲ್ಲಿ ಏಳು, ಟೋಕನ್‌ನಲ್ಲಿ ಐದು, ಕಾರ್ಡ್‌ನಲ್ಲಿ ಮೂರು. ‘ಕಾರ್ಡೇ ಗೆದ್ದಿತು’ ಎಂದರು ತಂದೆ. ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ಅಜ್ಜಿ ಆಗ ಬಾಯಿಬಿಟ್ಟರು: “ಅವನು ಬರೆಯೋದೇ ಕಮ್ಮಿ ಆಗಿದೆಯಲ್ಲಪ್ಪ, ಇನ್ನು ಎಸೆಯೋದು ಎಲ್ಲಿಂದ ಬರಬೇಕು?”

ಲೆಕ್ಕದ ಪುಸ್ತಕವನ್ನು ಮತ್ತೆ ತೆರೆದೆವು. ಪ್ರತಿ ಪುಟದ ಮೂಲೆಯಲ್ಲಿ ತಾಯಿ ಶುರುವಾದ ಹೊತ್ತು, ಮುಗಿದ ಹೊತ್ತು ಗುರುತು ಹಾಕಿದ್ದರು. ಮೊದಲ ವಾರ 6:30ರಿಂದ 6:50. ಜಾಕೆಟ್‌ನ ದಿನಗಳಲ್ಲೂ ಇಪ್ಪತ್ತೇ ನಿಮಿಷ. ಟೋಕನ್‌ಗೆ ಬರುವಾಗ ಹದಿನೈದು. ಕಾರ್ಡ್‌ನ ವಾರಗಳಲ್ಲಿ 6:40ರಿಂದ 6:50. ಮಗು ಕಾರ್ಡ್ ಕೊಟ್ಟ ಕೂಡಲೇ ಆ ದಿನದ ಬರವಣಿಗೆಯೇ ಮುಗಿಯುತ್ತಿತ್ತು. ಹತ್ತು ನಿಮಿಷಕ್ಕೆ ಎಷ್ಟು ಎಂದು ಭಾಗಿಸಿದರೆ ನಾಲ್ಕು, ಮೂರೂವರೆ, ಮೂರು ಚಿಲ್ಲರೆ, ಮೂರು. ಎಂಟರಿಂದ ಮೂರಕ್ಕೆ ಇಳಿದಂತೆ ಕಂಡದ್ದರಲ್ಲಿ ಬಹುಪಾಲು ಗಡಿಯಾರದ್ದು. ಉಳಿದ ಚೂರು ಇಳಿತ ಜಾಕೆಟ್‌ನಿಂದಲೋ, ಅಭ್ಯಾಸದಿಂದಲೋ, ಶಾಲೆಯಲ್ಲಿ ಪರೀಕ್ಷೆ ಮುಗಿದದ್ದರಿಂದಲೋ ಹೇಳಲು ದಾರಿಯಿಲ್ಲ, ಏಕೆಂದರೆ ಪ್ರತಿ ಉಪಾಯವೂ ಒಂದೇ ಒಂದು ಸಲ ಬಂದು ಹೋಗಿದೆ. ಕಾರ್ಡ್ ಬಂದದ್ದು ಟೋಕನ್ ಆದ ಮೇಲೆ. ಟೋಕನ್ ಕಲಿಸಿದ್ದರ ಫಲವನ್ನು ಕಾರ್ಡ್ ಉಣ್ಣುತ್ತಿರಬಹುದು.

ಯಾವುದರ ಫಲ ಎಂದು ತಿಳಿಯಬೇಕಾದರೆ ಉಪಾಯವನ್ನು ಹಾಕಿ, ತೆಗೆದು, ಮತ್ತೆ ಹಾಕಿ ನೋಡಬೇಕು. ಏನೂ ಮಾಡದ ಹಂತವನ್ನು ಎ ಎನ್ನೋಣ, ಟೋಕನ್ ಹಂತವನ್ನು ಬಿ. ಅಕ್ಕಪಕ್ಕ ಬಂದ ಹಂತಗಳನ್ನು ಮಾತ್ರ ಹೋಲಿಸಬಹುದು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಬದಲಾವಣೆಯ ಪರಿಣಾಮ ಕನಿಷ್ಠ ಮೂರು ಸಲ ಮರುಕಳಿಸಬೇಕು, ಹಂತವೊಂದಕ್ಕೆ ಐದು ದಿನದ ಲೆಕ್ಕವಾದರೂ ಇರಬೇಕು. ಎ-ಬಿ-ಎ-ಬಿ ಎಂದರೆ ಮೂರು ಬದಲಾವಣೆ. ಅದರ ಬೆನ್ನಿಗೆ ಟೋಕನ್ ಜೊತೆ ಕಾರ್ಡ್ ಸೇರಿಸಿ, ತೆಗೆದು, ಮತ್ತೆ ಸೇರಿಸಿದರೆ ಇನ್ನು ಮೂರು. ಟೋಕನ್ ನಿಲ್ಲಿಸಿದ ಹಂತದ ಮೇಲೆ ಎರಡನ್ನೂ ಒಟ್ಟಿಗೆ ಹೇರಿದರೆ ಕಾರ್ಡ್‌ನ ಪಾಲು ಎಷ್ಟೆಂದು ಎಂದೂ ಗೊತ್ತಾಗುವುದಿಲ್ಲ. ಇದೇ ಎಲ್ಲರೂ ಮಾಡುವ ತಪ್ಪು.

ಯೋಜನೆ ಕೇಳಿ ತಾಯಿಯ ಮುಖ ಬಾಡಿತು. “ಈಗ ಹೇಗೋ ಮನೆ ತಣ್ಣಗಿದೆ ಮೇಡಂ. ಎಲ್ಲಾ ತೆಗೀರಿ ಅಂತೀರಲ್ಲ, ಮತ್ತೆ ಶುರು ಮಾಡ್ಕೊಂಡ್ರೆ?”

ಈ ಮಾತಿಗೆ ನ್ಯಾಯವಾದ ಉತ್ತರ ಕೊಡಲೇಬೇಕು. ಮಗುವಿನ ಮೇಲೆ ಪ್ರಯೋಗ ಮಾಡುತ್ತೀರಿ ಎಂದು ಜೊತೆಯ ಸಲಹೆಗಾರರೂ ಆಕ್ಷೇಪಿಸುತ್ತಾರೆ. ಆದರೆ ಮೂರು ಉಪಾಯಗಳನ್ನು ಲೆಕ್ಕವಿಲ್ಲದೆ ಮಗುವಿನ ಮೇಲೆ ಹಾಕುತ್ತಾ ಹೋಗುವುದೂ ಪ್ರಯೋಗವೇ, ಅದರಿಂದ ಯಾರೂ ಏನೂ ಕಲಿಯುವುದಿಲ್ಲ ಅಷ್ಟೆ. ಕೆಲಸಕ್ಕೆ ಬಾರದ ಒಂದು ಥೆರಪಿ ವರ್ಷಗಟ್ಟಲೆ ಮುಂದುವರಿದರೆ ಹೋಗುವುದು ಆ ಮಗುವಿನ ಆಟದ ಹೊತ್ತು. ಪುಸ್ತಕ ಎಸೆದರೆ ಯಾರಿಗೂ ಪೆಟ್ಟಾಗುವುದಿಲ್ಲ, ಐದು ದಿನ ತಾಳಿಕೊಳ್ಳಬಹುದು. ಕೈ ಕಚ್ಚಿಕೊಳ್ಳುವ, ತಲೆ ಚಚ್ಚಿಕೊಳ್ಳುವ, ರಸ್ತೆಗೆ ಓಡುವ ಮಗುವಿಗೆ ಇದನ್ನು ನಾನು ಹೇಳುವುದಿಲ್ಲ. ಕಲಿತದ್ದು ಅಳಿಸಿಹೋಗದ ಕಡೆ ಉಪಾಯ ತೆಗೆದು ನೋಡುವ ವಿಧಾನ ಹೊಂದದು ಎಂದು ವರ್ತನೆಯ ಅಧ್ಯಯನಕಾರರಾದ ಬೇರ್, ವುಲ್ಫ್, ರಿಸ್ಲಿ 1968ರಲ್ಲೇ ಸೂಚಿಸಿದ್ದರು. ಕಾರ್ಡ್‌ಗೂ ಆ ಗುಣ ತುಸು ಇದೆ. ಕೇಳುವುದನ್ನು ಕಲಿತ ಮಗು ಕೇಳುತ್ತಲೇ ಇರುತ್ತದೆ. ಅದಕ್ಕೇ ಕಾರ್ಡ್ ಇಲ್ಲದ ದಿನ ಅವನು ಬಾಯಲ್ಲಿ ‘ಸಾಕು’ ಎಂದರೆ ಬಿಡುವು ಕೊಡಲೇಬೇಕು ಎಂದು ಕಟ್ಟುನಿಟ್ಟಾಗಿ ಹೇಳಿದೆ. ಅದರಿಂದ ಹೋಲಿಕೆ ಸ್ವಲ್ಪ ಮಸುಕಾದರೂ ಚಿಂತೆಯಿಲ್ಲ. ನಿಲ್ಲಿಸುವ ನಿಯಮವನ್ನೂ ಮೊದಲೇ ಬರೆದುಕೊಂಡೆವು: ಎಸೆತ ಸತತ ಎರಡು ದಿನ ಹನ್ನೆರಡು ದಾಟಿದರೆ, ಅಥವಾ ಒಮ್ಮೆಯಾದರೂ ತನಗೇ ಹೊಡೆದುಕೊಂಡರೆ, ಆ ಹಂತ ಅಲ್ಲಿಗೇ ಮುಕ್ತಾಯ.

ಅಳತೆಗೆ ಹೆಚ್ಚು ಹೊತ್ತು ಹಿಡಿಯಿತು. ವಸ್ತು ಕೈಬಿಟ್ಟು ಒಂದು ಗೇಣಿಗಿಂತ ದೂರ ಬಿದ್ದರೆ ಎಸೆತ, ತಳ್ಳಿದರೆ ಅಲ್ಲ. ಬರೆಯುವ ಹೊತ್ತು ಇಪ್ಪತ್ತು ನಿಮಿಷ, ಬಿಡುವಿನ ವೇಳೆ ಅದರಲ್ಲಿ ಸೇರದು. ಬಿಡುವು ಎರಡು ನಿಮಿಷ, ಮೊಬೈಲ್ ಟೈಮರ್ ಕೂಗಿದರೆ ಮತ್ತೆ ಮಣೆಗೆ. ನಾಲ್ಕು ದಿನಕ್ಕೊಮ್ಮೆ ಅಜ್ಜಿಯೂ ಬೇರೆಯಾಗಿ ಎಣಿಸಬೇಕು. ಚಿಕ್ಕ ಸಂಖ್ಯೆಯನ್ನು ದೊಡ್ಡದರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಎಂಬತ್ತಾದರೂ ಬರಬೇಕು. ಮೊದಲ ಸಲ ತಾಯಿಗೆ ಎಂಟು, ಅಜ್ಜಿಗೆ ಆರು, ಅಂದರೆ ಎಪ್ಪತ್ತೈದು. ಉರುಳಿ ಬಿದ್ದ ಪೆನ್ಸಿಲ್ಲನ್ನು ತಾಯಿ ಎಣಿಸಿದ್ದರು, ಅಜ್ಜಿ ಎಣಿಸಿರಲಿಲ್ಲ. ಅದನ್ನು ಸರಿಪಡಿಸಿಕೊಂಡು ಲೆಕ್ಕ ಹೊಸದಾಗಿ ಶುರು ಮಾಡಿದರು.

ಜಾಕೆಟ್‌ಗೆ ಬೇರೆ ದಾರಿ. ಅದರಲ್ಲಿ ಕಲಿಯುವಂಥದ್ದೇನಿಲ್ಲ, ಪರಿಣಾಮ ಇದ್ದರೆ ಹಾಕಿದ ದಿನವೇ ಕಾಣಬೇಕು. ಹೀಗಿರುವಲ್ಲಿ ಮನಶ್ಶಾಸ್ತ್ರಜ್ಞರಾದ ಬಾರ್ಲೋ ಮತ್ತು ಹೇಯ್ಸ್ 1979ರಲ್ಲಿ ವಿವರಿಸಿದ ಸರದಿ ಬದಲಿಸುವ ವಿಧಾನ ಸಾಕು. ಹನ್ನೆರಡು ಚೀಟಿ, ಆರರಲ್ಲಿ ‘ಹಾಕು’, ಆರರಲ್ಲಿ ‘ಬೇಡ’. ದಿನಕ್ಕೊಂದು ಎತ್ತುವುದು, ಒಂದೇ ಮಾತು ಎರಡು ದಿನಕ್ಕಿಂತ ಹೆಚ್ಚು ಸತತವಾಗಿ ಬಂದರೆ ಚೀಟಿ ಮತ್ತೆ ಎತ್ತುವುದು. ಆ ದಿನಗಳಲ್ಲಿ ಟೋಕನ್ನೂ ಇಲ್ಲ, ಕಾರ್ಡೂ ಇಲ್ಲ. ಹಾಕಿದ ದಿನಗಳಲ್ಲಿ 8, 7, 9, 8, 9, 7. ಹಾಕದ ದಿನಗಳಲ್ಲಿ 8, 9, 7, 8, 8, 9. ಗ್ರಾಫ್‌ನಲ್ಲಿ ಎರಡು ಗೆರೆಗಳೂ ಹೆಣೆದುಕೊಂಡಿದ್ದವು, ಅಂದರೆ ಜಾಕೆಟ್ ಹಾಕಿದರೂ ಬಿಟ್ಟರೂ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಆ ಹನ್ನೆರಡು ದಿನಗಳೇ ಮೊದಲ ಎ ಹಂತವೂ ಆಗಿ, ಐದು ದಿನ ಉಳಿಯಿತು.

ಟೋಕನ್ ಹಂತದ ಕೊನೆಗೆ ಎಸೆತ ಮೂರಕ್ಕೆ ಇಳಿಯಿತು. ಟೋಕನ್ ತೆಗೆದಾಗ 4, 6, 8, 8, 7. ಮೂರನೆಯ ದಿನ ರಾತ್ರಿ ತಾಯಿ ಫೋನ್ ಮಾಡಿ ಅತ್ತರು. ಗೆರೆ ಹನ್ನೆರಡು ದಾಟಿಲ್ಲ, ಇನ್ನೆರಡೇ ದಿನ ಎಂದೆ. ಟೋಕನ್ ಮರಳಿದಾಗ 4, 3, 3, 4, 3. ಕಾರ್ಡ್ ಸೇರಿದಾಗ 2, 1, 1, 0, 1. ಕಾರ್ಡ್ ತೆಗೆದಾಗ ಮತ್ತೆ ಮೂರರ ಸುತ್ತ, ಸೇರಿಸಿದಾಗ ಮತ್ತೆ ಒಂದಕ್ಕೆ. ಭಾನುವಾರ ಬಿಟ್ಟು ನಲವತ್ತೆರಡು ದಿನ, ಏಳು ವಾರ.

ಇದರಿಂದ ತಿಳಿದದ್ದಿಷ್ಟು: ಟೋಕನ್ ಕೆಲಸ ಮಾಡುತ್ತದೆ, ಕಾರ್ಡ್ ಅದರ ಮೇಲೆ ಇನ್ನಷ್ಟು ತಗ್ಗಿಸುತ್ತದೆ. ಕಾರ್ಡ್ ಒಂದೇ ಸಾಕೇ ಎಂದು ತಂದೆ ಕೇಳಿದರು. ಎ ಹಂತದ ಪಕ್ಕದಲ್ಲಿ ಕಾರ್ಡ್ ಒಂಟಿಯಾಗಿ ನಿಂತೇ ಇಲ್ಲ, ಹಾಗಾಗಿ ಈ ಗ್ರಾಫ್ ಅದಕ್ಕೆ ಉತ್ತರ ಕೊಡದು ಎಂದೆ. ಎರಡಕ್ಕೂ ಖರ್ಚಾಗುವುದು ರಟ್ಟು ಮತ್ತು ಸ್ಟಿಕ್ಕರ್ ಮಾತ್ರ, ಮನೆಯಲ್ಲೇ ನಡೆಸಬಹುದು. ಎರಡನ್ನೂ ಉಳಿಸಿಕೊಂಡು ಜಾಕೆಟ್‌ನ ಕ್ಲಾಸು ನಿಲ್ಲಿಸಿ ಎಂದು ಸಲಹೆ ಕೊಟ್ಟೆ.

ಜಾಕೆಟ್ಟನ್ನು ಪಕ್ಕದ ಬೀದಿಯ ಇನ್ನೊಂದು ಮಗುವಿಗೆ ಕೊಡಬಹುದೇ ಎಂದು ಅಜ್ಜಿ ಕೇಳಿದರು. ಕೊಡಿ, ಜೊತೆಗೆ ಆ ಹನ್ನೆರಡು ಚೀಟಿಗಳನ್ನೂ ಕೊಟ್ಟುಬಿಡಿ ಎಂದೆ.